ಬಸ್ ಸ್ಟ್ಯಾಂಡ್ ಹೋಯಿತು, ಮ್ಯಾಟ್ನಿ ಹೋಯಿತು: ಪೇಟೆಯ ಒಂದು ಟಾಕೀಸಿನ ಪ್ರಕರಣ

ಮಧ್ಯ ಕರ್ನಾಟಕದ ಒಂದು ಜಿಲ್ಲಾ ಕೇಂದ್ರದ ಹಳೇ ಪೇಟೆಯಲ್ಲಿ 1960ರ ದಶಕದ ಕೊನೆಗೆ ಕಟ್ಟಿದ ಒಂದು ಟಾಕೀಸು ಇತ್ತು. ಅರ್ಧ ಶತಮಾನ ನಡೆಯಿತು. ಈಗ ಆ ಜಾಗದಲ್ಲಿ ನಾಲ್ಕು ಅಂತಸ್ತಿನ ಬಟ್ಟೆ ಅಂಗಡಿ ಎದ್ದಿದೆ. ಟಾಕೀಸು ಮುಚ್ಚುವುದು ಈಗ ಸುದ್ದಿಯೇ ಅಲ್ಲ ಬಿಡಿ. ಆದರೆ ಇದರ ಮಾಲೀಕರ ಮನೆಯವರು ಒಂದು ಅಪರೂಪದ ಕೆಲಸ ಮಾಡಿದ್ದರು. ಡಿಸಿಆರ್ ಅಂತಾರಲ್ಲ, ಪ್ರತಿ ಶೋಗೆ ಯಾವ ಕ್ಲಾಸಿನಲ್ಲಿ ಎಷ್ಟು ಟಿಕೆಟ್ ಹೋಯಿತು ಎಂದು ಬರೆದಿಡುವ ದಿನದ ಕಲೆಕ್ಷನ್ ಲೆಕ್ಕ, ಅದರ ಪುಸ್ತಕಗಳನ್ನು ಗುಜರಿಗೆ ಹಾಕದೆ ಅಟ್ಟದ ಮೇಲೆ ಇಟ್ಟುಕೊಂಡಿದ್ದರು. ಕಟ್ಟಡ ಕೆಡವುವ ಮುಂಚೆ ಅವು ನನ್ನ ಕೈಗೆ ಬಂದವು. ಮನೆಯವರು, ಹಳೇ ಗೇಟ್‌ಕೀಪರ್, ಎದುರಿನ ಹೋಟೆಲಿನವರು ಹೇಳಿದ್ದನ್ನೂ ಸೇರಿಸಿ ಇದನ್ನು ಬರೆಯುತ್ತಿದ್ದೇನೆ. ಊರಿನ ಹೆಸರು, ಮನೆತನದ ಹೆಸರು ಬೇಡ ಎಂದು ಅವರೇ ಕೇಳಿಕೊಂಡಿದ್ದಾರೆ. ಗುರುತು ಸಿಗುವಂಥ ಒಂದೆರಡು ವಿವರ ಬದಲಿಸಿದ್ದೇನೆ.

ಟಾಕೀಸು ಎಲ್ಲಿತ್ತು, ಯಾರು ಬರುತ್ತಿದ್ದರು

ಮೊದಲು ಜಾಗ ನೋಡಿ. ಟಾಕೀಸಿನ ಗೇಟಿನಿಂದ ಹೊರಗೆ ಬಂದರೆ ಎಡಕ್ಕೆ ಬಸ್ ಸ್ಟ್ಯಾಂಡ್, ಬಲಕ್ಕೆ ಸಂತೆ ಮೈದಾನ, ಅದರ ಹಿಂದೆ ಕೋರ್ಟು ಮತ್ತು ತಾಲ್ಲೂಕು ಕಚೇರಿ. ಎಲ್ಲವೂ ನಡೆದು ಹೋಗುವಷ್ಟು ಹತ್ತಿರ. ಟಾಕೀಸು ಕಟ್ಟಿದ ದೊಡ್ಡ ಯಜಮಾನರು ಮಂಡಿ ವ್ಯಾಪಾರದವರು. ಸಿನಿಮಾ ಬಗ್ಗೆ ಅವರಿಗೆ ಅಂಥ ಮೋಹವೇನೂ ಇರಲಿಲ್ಲವಂತೆ. ಮಂಡಿಗೆ ಬರುವ ರೈತರು ಮಧ್ಯಾಹ್ನ ಎಲ್ಲಿ ಕೂರುತ್ತಾರೆ ಎಂಬುದು ಮಾತ್ರ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಪೇಟೆ ಮತ್ತು ಸಿನಿಮಾ ಜೊತೆಯಾಗಿ ಬೆಳೆದದ್ದು ಈ ಊರಿನಲ್ಲಿ ಮಾತ್ರ ಅಲ್ಲ. ಕನ್ನಡದ ಮೊದಲ ಟಾಕಿ 1934ರಲ್ಲಿ ತೆರೆಕಂಡಿದ್ದು ಬೆಂಗಳೂರಿನ ಸಿಟಿ ಮಾರ್ಕೆಟ್ ಪಕ್ಕದ ಪ್ಯಾರಾಮೌಂಟ್‌ನಲ್ಲಿ. ಆಮೇಲೆ ಕೆ.ಜಿ. ರಸ್ತೆಯ ಸುತ್ತ ಟಾಕೀಸುಗಳು ಸಾಲುಗಟ್ಟಿದವು. ಅವುಗಳಲ್ಲಿ ಒಂದರ ಹೆಸರು ಇಡೀ ಪ್ರದೇಶಕ್ಕೇ ಅಂಟಿಕೊಂಡು 'ಮೆಜೆಸ್ಟಿಕ್' ಆಯಿತು. ಆ ಮೆಜೆಸ್ಟಿಕ್‌ನ ಕಾಲಬುಡದಲ್ಲೇ ರೈಲು ನಿಲ್ದಾಣ, ಒಣಗಿದ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಬಸ್ ನಿಲ್ದಾಣ. ಇಳಿದವರು ಸಿನಿಮಾಕ್ಕೆ, ಸಿನಿಮಾ ಬಿಟ್ಟವರು ಬಸ್ಸಿಗೆ. ನಮ್ಮ ಊರಿನದೂ ಇದೇ ಕತೆ, ಗಾತ್ರ ಸಣ್ಣದು ಅಷ್ಟೆ.

ಒಳಗೆ ನಾಲ್ಕು ಕ್ಲಾಸು. ಪರದೆಯ ಮುಂದೆ ಬೆಂಚಿನ ಗಾಂಧಿ ಕ್ಲಾಸು, ಹಿಂದೆ ಸೆಕೆಂಡು, ಫಸ್ಟು, ಮೇಲೆ ಬಾಲ್ಕನಿ. ಹೆಂಗಸರಿಗೆ ಬೇರೆ ಟಿಕೆಟ್ ಕೌಂಟರ್, ಮೊದಮೊದಲು ಕೂರುವ ಜಾಗವೂ ಬೇರೆ. ಹಳ್ಳಿಯ ಹೋಟೆಲಿನಲ್ಲಿ ಒಳಗೆ ಕೂತು ಕಾಫಿ ಕುಡಿಯಲು ಆಗದಿದ್ದವರೂ ಇಲ್ಲಿ ಕಾಸು ಕೊಟ್ಟು ಬೆಂಚಿನ ಮೇಲೆ ಯಾರ ಪಕ್ಕದಲ್ಲಾದರೂ ಕೂರಬಹುದಿತ್ತು. ದುಡ್ಡಿನ ಅಂತರ ಇತ್ತು ನಿಜ, ಬಾಲ್ಕನಿಯವರು ಗಾಂಧಿ ಕ್ಲಾಸಿನವರ ಮುಖ ನೋಡದಂತೆ ಮೆಟ್ಟಿಲೇ ಬೇರೆ ಇತ್ತು. ಆದರೆ ಕೌಂಟರಿನ ತೂತಿನೊಳಗೆ ಕೈ ಹಾಕಿದವನ ಜಾತಿ ಯಾರೂ ಕೇಳುತ್ತಿರಲಿಲ್ಲ. ಗೇಟ್‌ಕೀಪರ್ ಈ ಮಾತನ್ನು ತಾನಾಗಿಯೇ ಹೇಳಿದರು. ಅವರು ಆ ಕೆಲಸಕ್ಕೆ ಸೇರಿದ್ದಕ್ಕೂ ಅದೇ ಕಾರಣವಂತೆ.

ಇನ್ನು ಬಸ್ಸಿನ ವಿಷಯ. ಫಸ್ಟ್ ಶೋ ಆರೂವರೆಗೆ ಶುರು. ಹಳ್ಳಿಗಳಿಗೆ ಹೋಗುವ ನೈಟ್ ಹಾಲ್ಟ್ ಬಸ್ಸುಗಳು ಒಂಬತ್ತೂವರೆಗೆ ಹೊರಡುತ್ತಿದ್ದವು. ಸಿನಿಮಾ ಉದ್ದ ಇದ್ದರೆ ಮ್ಯಾನೇಜರು ಶೋವನ್ನೇ ಕಾಲು ಗಂಟೆ ಮುಂಚೆ ಶುರು ಮಾಡಿಸುತ್ತಿದ್ದರು, ಇಲ್ಲವೇ ಇಂಟರ್ವಲ್ ಕಡಿಮೆ ಮಾಡಿ ಜಾಹೀರಾತಿನ ಸ್ಲೈಡುಗಳನ್ನು ಬಿಟ್ಟುಬಿಡುತ್ತಿದ್ದರು. ಅಷ್ಟು ಮಾಡಿಯೂ ತಡವಾದರೆ ಸೈಕಲ್ ಸ್ಟ್ಯಾಂಡಿನ ಹುಡುಗ ಓಡಿಹೋಗಿ ಬಸ್ ಸ್ಟ್ಯಾಂಡಿನ ಕಂಟ್ರೋಲರ್‌ಗೆ 'ಇನ್ನೊಂದು ಫೈಟ್ ಬಾಕಿ ಇದೆ' ಎಂದು ಹೇಳಿ ಬರುತ್ತಿದ್ದ. ಕಂಟ್ರೋಲರ್ ಐದು ನಿಮಿಷ ಬಸ್ ನಿಲ್ಲಿಸುತ್ತಿದ್ದರು. ಅವರ ಮನೆಯವರಿಗೆ ಬಾಲ್ಕನಿ ಪಾಸ್ ಇತ್ತು ಎಂದು ಬೇರೆ ಹೇಳಬೇಕಾಗಿಲ್ಲ ಅಲ್ವಾ.

ಎಲ್ಲಿ ಕೆಟ್ಟಿತು

2000ದ ದಶಕದ ಮಧ್ಯಭಾಗದಲ್ಲಿ ಬಸ್ ಸ್ಟ್ಯಾಂಡು ಊರಾಚೆ ಬೈಪಾಸ್ ಹತ್ತಿರ ಹೋಯಿತು. ಕಾರಣ ಸರಿಯಾಗಿಯೇ ಇತ್ತು. ಪೇಟೆಯೊಳಗೆ ಬಸ್ಸು ತಿರುಗಿಸಲೂ ಜಾಗ ಇರಲಿಲ್ಲ, ದಿನಾ ಟ್ರಾಫಿಕ್ ಜಾಮ್. ವರ್ತಕರೇ ಅರ್ಜಿ ಕೊಟ್ಟು 'ಬಸ್ಸುಗಳನ್ನು ಹೊರಗೆ ಕಳಿಸಿ' ಎಂದು ಕೇಳಿದ್ದರು. ಅರ್ಜಿಗೆ ಸಹಿ ಹಾಕಿದವರಲ್ಲಿ ಟಾಕೀಸಿನ ಹಿರಿಯ ಮಗನೂ ಇದ್ದರು. ಆಗ ವ್ಯವಹಾರ ಅವರ ಕೈಯಲ್ಲಿತ್ತು. ಅದೇ ಹೊತ್ತಿಗೆ ಮಂಡಿಗಳು ಎಪಿಎಂಸಿ ಯಾರ್ಡಿಗೆ ಹೋಗಿದ್ದವು. ಪಹಣಿಗೆ ತಾಲ್ಲೂಕು ಕಚೇರಿಗೆ ಬರುವ ಬದಲು ಹೋಬಳಿಯ ನಾಡಕಚೇರಿಗೆ ಹೋದರೆ ಸಾಕು ಎನ್ನುವ ದಿನ ಬಂತು. ಇವೆಲ್ಲ ಜನಕ್ಕೆ ಒಳ್ಳೆಯದೇ. ಆದರೆ ಹಳ್ಳಿಯವರು ಪೇಟೆಗೆ ಬಂದು, ಕೆಲಸ ಅರ್ಧಕ್ಕೆ ನಿಂತು, ಸಂಜೆವರೆಗೆ ಸುಮ್ನೆ ಕಾಯಬೇಕಾದ ಸಂದರ್ಭಗಳು ಒಂದೊಂದಾಗಿ ಕಡಿಮೆಯಾದವು.

ಕಲೆಕ್ಷನ್ ಬಿತ್ತು. ಮನೆಯಲ್ಲಿ ಚರ್ಚೆ ಶುರುವಾಯಿತು. ಟಿವಿ ಧಾರಾವಾಹಿ, ಪೈರಸಿ ಸಿಡಿ, ಒಳ್ಳೇ ಕನ್ನಡ ಸಿನಿಮಾ ಬರುತ್ತಿಲ್ಲ, ಎಲ್ಲ ಕಾರಣಗಳೂ ಬಂದವು. ಬೆಂಗಳೂರಿನಲ್ಲಿದ್ದ ತಮ್ಮ ಹೊಸದೊಂದು ಸೇರಿಸಿದರು. ಕೋರಮಂಗಲದ ಮಾಲ್ ಒಂದರಲ್ಲಿ 11 ಪರದೆಗಳ ಮಲ್ಟಿಪ್ಲೆಕ್ಸ್ ಬಂದು ಜನ ಮುಗಿಬೀಳುತ್ತಿದ್ದ ಕಾಲ ಅದು. 'ಅಣ್ಣಾ, ಜನ ಈಗ ಕಂಫರ್ಟ್ ಕೇಳ್ತಾರೆ, ನಮ್ಮ ಬೆಂಚಿನ ಮೇಲೆ ಯಾರು ಕೂರ್ತಾರೆ?' ಎಂಬುದು ಅವರ ವಾದ.

ಬಸ್ ಸ್ಟ್ಯಾಂಡಿನ ಮಾತು ಆ ಚರ್ಚೆಯಲ್ಲಿ ಬರಲೇ ಇಲ್ಲ. ಯಾಕೆಂದರೆ ಅವರು ನೋಡುತ್ತಿದ್ದದ್ದು ವಾರದ ಒಟ್ಟು ಮೊತ್ತ. ವಿತರಕರ ರೆಪ್ರೆಸೆಂಟೇಟಿವ್ ಕೇಳುವುದೂ ಅದನ್ನೇ, ಗಾಂಧಿನಗರದಲ್ಲಿ ಕೂತವರಿಗೆ ಬೇಕಾದದ್ದೂ ಅದೇ. ಡಿಸಿಆರ್ ಪುಸ್ತಕ ಬಿಡಿಸಿ ಶೋ ಪ್ರಕಾರ, ಕ್ಲಾಸ್ ಪ್ರಕಾರ ನೋಡಿದರೆ ಚಿತ್ರ ಬೇರೆಯೇ ಕಾಣುತ್ತದೆ. ಬಸ್ ಸ್ಟ್ಯಾಂಡ್ ಹೋದ ವರ್ಷ ಮೊದಲು ಕುಸಿದದ್ದು ವಾರದ ದಿನಗಳ ಮ್ಯಾಟ್ನಿ, ಅದರಲ್ಲೂ ಗಾಂಧಿ ಕ್ಲಾಸು ಮತ್ತು ಸೆಕೆಂಡ್ ಕ್ಲಾಸು. ಸಂತೆ ದಿನದ ಉಬ್ಬು ಮಾಯವಾಯಿತು. ಆಮೇಲೆ ಫಸ್ಟ್ ಶೋ ಇಳಿಯಿತು. ಭಾನುವಾರದ ಬಾಲ್ಕನಿ ಇನ್ನೂ ಎರಡು ಮೂರು ವರ್ಷ ಹೆಚ್ಚುಕಡಿಮೆ ಹಾಗೇ ಇತ್ತು. ಟಿವಿ, ಸಿಡಿ ಕಾರಣವಾಗಿದ್ದರೆ ಮೊದಲು ಬೀಳಬೇಕಾಗಿದ್ದದ್ದು ಮನೆಯಲ್ಲಿ ಟಿವಿ, ಪ್ಲೇಯರ್ ಎರಡೂ ಇದ್ದ ಬಾಲ್ಕನಿಯವರು. ಅವರು ಬೀಳಲಿಲ್ಲ. ಬಿದ್ದದ್ದು ಬಸ್ಸಿಗೆ ಕಾಯುತ್ತಿದ್ದವರು.

ಅಮೆರಿಕದ ಊರುಗಳಲ್ಲೂ ಹೀಗೇ ಆಗಿತ್ತು. ಅಲ್ಲಿ ಚಿತ್ರಮಂದಿರಗಳಿಗೆ ಅತಿ ಹೆಚ್ಚು ಜನ ಬಂದದ್ದು 1946ರ ಸುಮಾರಿಗೆ. ಆಮೇಲೆ ಇಳಿಯಿತು, ಎಲ್ಲರೂ ಟಿವಿಯನ್ನು ಬೈದರು. ಆದರೆ ಇಳಿತ ಶುರುವಾದಾಗ ಬಹಳ ಮನೆಗಳಲ್ಲಿ ಟಿವಿಯೇ ಇರಲಿಲ್ಲ. ಯುದ್ಧ ಮುಗಿಸಿ ಬಂದವರು ಮದುವೆಯಾಗಿ, ಮಕ್ಕಳಾಗಿ, ಕಾರು ಕೊಂಡು ಊರಾಚೆಯ ಹೊಸ ಬಡಾವಣೆಗಳಿಗೆ ಹೋಗುತ್ತಿದ್ದರು. ಟ್ರಾಮ್ ಇಳಿದರೆ ಎದುರಿಗೇ ಸಿಗುತ್ತಿದ್ದ ಪೇಟೆಯ ದೊಡ್ಡ ಚಿತ್ರಮಂದಿರಕ್ಕೆ ಈಗ ಕಾರು ತಂದರೆ ನಿಲ್ಲಿಸಲು ಜಾಗ ಇರಲಿಲ್ಲ. ಟಿವಿ ಆಮೇಲೆ ಬಂದು ಉಳಿದ ಕೆಲಸ ಮುಗಿಸಿತು.

ಏನೇನು ಮಾಡಿದರು

ದೊಡ್ಡ ತೀರ್ಮಾನ ನವೀಕರಣದ್ದು. ಸಾಲ ಮಾಡಿ ಎಸಿ, ಪುಶ್‌ಬ್ಯಾಕ್ ಸೀಟು, ಹೊಸ ಸೌಂಡ್, ಡಿಜಿಟಲ್ ಪ್ರೊಜೆಕ್ಟರ್ ಹಾಕಿಸಿದರು. ಗಾಂಧಿ ಕ್ಲಾಸು ತೆಗೆದರು. ಕೆಳಗೆಲ್ಲ ಒಂದೇ ದರ, ಮೇಲೆ ಇನ್ನೊಂದು. ಸೀಟಿನ ಸಂಖ್ಯೆ ಕಡಿಮೆಯಾಯಿತು, ಕೆಳಗಿನ ದರ ಹಳೇ ಗಾಂಧಿ ಕ್ಲಾಸಿಗೆ ಹೋಲಿಸಿದರೆ ಹಲವು ಪಟ್ಟಾಯಿತು. ಬೆಂಚು ಕೀಳುವ ದಿನ ಗೇಟ್‌ಕೀಪರ್ ಹಿರಿಯ ಮಗನ ಹತ್ತಿರ ಹೋಗಿ ಹೀಗೆ ಹೇಳಿದ್ದರಂತೆ: 'ಯಜಮಾನ್ರೇ, ಮ್ಯಾಟ್ನಿಯೋರು ಎಸಿ ಇಲ್ಲ ಅಂತ ಬಿಟ್ಟಿಲ್ಲ. ಬಸ್ಸು ಇಲ್ಲ ಅಂತ ಬಿಟ್ಟವ್ರೆ.' ಆ ಮಾತನ್ನು ಯಾರೂ ತಲೆಗೆ ಹಾಕಿಕೊಳ್ಳಲಿಲ್ಲ. ಸಾಲ ಆಗಲೇ ಮಂಜೂರಾಗಿತ್ತು.

ಮೊದಲ ಕೆಲವು ತಿಂಗಳು ಚೆನ್ನಾಗಿಯೇ ಹೋಯಿತು. ದೊಡ್ಡ ಸ್ಟಾರ್ ಸಿನಿಮಾ ಬಿಡುಗಡೆಯಾಗಿ ಕಟೌಟ್, ಹಾಲಿನ ಅಭಿಷೇಕ, ಪಟಾಕಿ ಎಲ್ಲ ಆಯಿತು. ಆಮೇಲೆ ಲೆಕ್ಕ ಕೈಕೊಟ್ಟಿತು. ಶುಕ್ರವಾರದಿಂದ ಭಾನುವಾರದವರೆಗೆ ಜನ, ಸೋಮವಾರದಿಂದ ಖಾಲಿ. ಇಲ್ಲಿ ಡಿಜಿಟಲ್‌ನದೂ ಒಂದು ಪಾತ್ರ ಇದೆ. ರೀಲಿನ ಕಾಲದಲ್ಲಿ ಪ್ರಿಂಟುಗಳು ಎಣಿಸಿದಷ್ಟೇ ಇರುತ್ತಿದ್ದವು. ಜಿಲ್ಲಾ ಕೇಂದ್ರದಲ್ಲಿ ಸಿನಿಮಾ ಓಡಿ ಮುಗಿದ ಮೇಲೆ ಡಬ್ಬ ಸಣ್ಣ ಊರುಗಳಿಗೆ ಹೋಗುತ್ತಿತ್ತು. ಹಾಗಾಗಿ ಹೊಸ ಸಿನಿಮಾ ನೋಡಬೇಕೆಂದರೆ ಸುತ್ತಲಿನವರು ಇಲ್ಲಿಗೇ ಬರಬೇಕಿತ್ತು. ಈಗ ಶುಕ್ರವಾರ ಎಲ್ಲ ಊರಲ್ಲೂ ಒಟ್ಟಿಗೆ ರಿಲೀಸು. ತಾಲ್ಲೂಕಿನವರು ಇಲ್ಲಿಗೆ ಬರಬೇಕಾದ ಇನ್ನೊಂದು ಕಾರಣವೂ ಹೋಯಿತು. ಒಂದೇ ಸಿನಿಮಾ ನೂರು ದಿನ ಓಡುವುದು ನಿಂತು ಎರಡನೇ ವಾರಕ್ಕೆ ಕಾಲಿಟ್ಟರೆ ಸಾಕು ಎನ್ನುವಂತಾಯಿತು.

ಎಸಿಯ ಕತೆ ಕೇಳಿ. ದೊಡ್ಡ ಹಾಲು, ಎತ್ತರದ ಮಾಳಿಗೆ, ಗಾಳಿಯಾಡಲಿ ಎಂದು ಕಟ್ಟಿದ್ದು. ಅದನ್ನು ತಂಪು ಮಾಡಲು ನೂರು ಜನರಿದ್ದರೂ ಇಪ್ಪತ್ತು ಜನರಿದ್ದರೂ ಕರೆಂಟ್ ಅಷ್ಟೇ ಬೇಕು. ಕರೆಂಟ್ ಹೋದರೆ ಡೀಸೆಲ್. ಮ್ಯಾನೇಜರು ಒಂದು ಉಪಾಯ ಹುಡುಕಿದರು. ಟಿಕೆಟ್ ಕೊಡುವಾಗ ಎಸಿ ಹಾಕುವುದು, ಇಂಟರ್ವಲ್ ಆದ ಮೇಲೆ ಆಫ್ ಮಾಡುವುದು. ಕಿಟಕಿಗಳನ್ನು ನವೀಕರಣದಲ್ಲಿ ಮುಚ್ಚಿಬಿಟ್ಟಿದ್ದರು, ಫ್ಯಾನುಗಳನ್ನು ಕಿತ್ತಿದ್ದರು. ಕ್ಲೈಮ್ಯಾಕ್ಸ್ ಹೊತ್ತಿಗೆ ಜನ ಶರ್ಟಿನ ಗುಂಡಿ ಬಿಚ್ಚಿ ಟಿಕೆಟ್ಟಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಹಳೇ ಹಾಲಿನಲ್ಲಿ ಇಷ್ಟು ಸೆಕೆ ಇರಲಿಲ್ಲ ಎಂದು ಹೋಟೆಲಿನವರು ಈಗಲೂ ನಗುತ್ತಾರೆ. ಕಾರಿನಲ್ಲಿ ಬರುವ ಕುಟುಂಬಗಳು ಎರಡು ಸಲ ಹೀಗಾದ ಮೇಲೆ ಮೂರನೇ ಸಲ ಬರಲಿಲ್ಲ. ಪೇಟೆಯಲ್ಲಿ ಕಾರು ನಿಲ್ಲಿಸುವ ಜಾಗವಂತೂ ಮೊದಲಿನಿಂದಲೂ ಇರಲಿಲ್ಲ.

ದರದ ವಿಷಯದಲ್ಲೂ ಸಿಕ್ಕಿಬಿದ್ದರು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ 100 ರೂಪಾಯಿವರೆಗಿನ ಟಿಕೆಟ್‌ಗೆ ಶೇ 18, ಅದಕ್ಕಿಂತ ಮೇಲೆ ಶೇ 28. 2019ರ ಜನವರಿಯಲ್ಲಿ ಅದು 12 ಮತ್ತು 18 ಆಯಿತು. ಹಾಗಾಗಿ ಬಾಲ್ಕನಿ ದರ 100ರ ಗೆರೆ ದಾಟಲೇ ಇಲ್ಲ. ಸಾಲದ ಕಂತು, ಕರೆಂಟ್ ಬಿಲ್ಲು ಮಾತ್ರ ಆ ಗೆರೆಗೆ ಕಾಯಲಿಲ್ಲ.

ಇದರ ಮಧ್ಯೆ ಒಂದು ಪ್ರಯೋಗ ಗೆದ್ದಿತು. ನನಗೆ ಇಡೀ ಪ್ರಕರಣದಲ್ಲಿ ಅತಿ ಮುಖ್ಯ ಅನಿಸುವುದು ಅದೇ. ಬೈಪಾಸ್ ಕಡೆ ಕಟ್ಟಡ ಕೆಲಸಕ್ಕೆ, ಕಾರ್ಖಾನೆಗಳಿಗೆ ಉತ್ತರದಿಂದ ಬಂದ ಹುಡುಗರು ಭಾನುವಾರ ಪೇಟೆಗೆ ಬರುತ್ತಿದ್ದರು. ಮೊಬೈಲ್ ರೀಚಾರ್ಜ್, ಊರಿಗೆ ದುಡ್ಡು ಕಳಿಸುವುದು, ಕ್ಷೌರ, ಅಕ್ಕಿ ಬೇಳೆ. ಅವರಿಗೂ ಹೊತ್ತು ಕಳೆಯಲು ಎಲ್ಲೂ ಜಾಗ ಇರಲಿಲ್ಲ. ಆಪರೇಟರ್ ಹೇಳಿದ ಮೇಲೆ ಭಾನುವಾರ ಬೆಳಗಿನ ಆಟಕ್ಕೆ ಹಳೇ ಹಿಂದಿ ಮತ್ತು ಭೋಜಪುರಿ ಸಿನಿಮಾ ಹಾಕಿ ನೋಡಿದರು. ದರ ಕಡಿಮೆ, ಎಸಿ ಇಲ್ಲ, ಬಾಗಿಲು ತೆರೆದಿಟ್ಟು ಬಾಡಿಗೆ ಫ್ಯಾನು. ಹಾಲು ತುಂಬಿತು! ಕ್ಯಾಂಟೀನಿನವರು ಸಮೋಸಾ ಮಾಡಿಸತೊಡಗಿದರು. ಎದುರಿನ ಹೋಟೆಲಿನಲ್ಲಿ ಭಾನುವಾರ ರೊಟ್ಟಿ, ಆಲೂ ಪಲ್ಯ ಶುರುವಾಯಿತು. ಒಂದು ವರ್ಷದ ಹತ್ತಿರ ನಡೆಯಿತು.

ಆಮೇಲೆ ನಿಲ್ಲಿಸಿದರು. ನಷ್ಟವಾಗಿ ಅಲ್ಲ. ಅಕ್ಕಪಕ್ಕದ ಕೆಲವು ಅಂಗಡಿಯವರು 'ಎಂಥೆಂಥವರೋ ಬರ್ತಾರೆ' ಎಂದರು. ಮನೆಯಲ್ಲಿ ತಮ್ಮ 'ಹೀಗಾದರೆ ಫ್ಯಾಮಿಲಿ ಆಡಿಯನ್ಸ್ ಬರಲ್ಲ, ಬ್ರ್ಯಾಂಡ್ ಹಾಳಾಗುತ್ತೆ' ಎಂದರು. ಫ್ಯಾಮಿಲಿ ಆಡಿಯನ್ಸ್ ಆಗಲೇ ಬರುತ್ತಿರಲಿಲ್ಲ ಎಂಬುದು ಡಿಸಿಆರ್‌ನಲ್ಲಿ ಕಪ್ಪು ಮಸಿಯಲ್ಲಿ ಬರೆದಿತ್ತು. ದೊಡ್ಡ ಯಜಮಾನರು 1960ರ ದಶಕದಲ್ಲಿ ಯಾರನ್ನು ನೋಡಿ ಟಾಕೀಸು ಕಟ್ಟಿದರೋ, ಪೇಟೆಗೆ ಬಂದು ಹೊತ್ತು ಕಳೆಯಬೇಕಾದ ದುಡಿಯುವ ಜನ, ಅವರೇ ಬೇರೆ ಭಾಷೆಯಲ್ಲಿ ಮತ್ತೆ ಬಂದಿದ್ದರು. ಮಕ್ಕಳ ಕಾಲಕ್ಕೆ ಅವರು ಗಿರಾಕಿಗಳಾಗಿ ಕಾಣಲಿಲ್ಲ. ಗಾಂಧಿ ಕ್ಲಾಸು ಕಿತ್ತದ್ದು, ಈ ಆಟ ನಿಲ್ಲಿಸಿದ್ದು ಎರಡೂ ನನ್ನ ಪ್ರಕಾರ ಒಂದೇ ತೀರ್ಮಾನ. ಬರುವವರನ್ನು ಕಳಿಸಿ, ಬಾರದವರಿಗೆ ಕುರ್ಚಿ ಹಾಕಿಟ್ಟರು.

ಕೊನೆಗೆ ಆದದ್ದು

2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದ ಮುಚ್ಚಿತು. ಅಕ್ಟೋಬರ್ 15ರಿಂದ ಅರ್ಧ ಸೀಟಿಗೆ ಅನುಮತಿ ಸಿಕ್ಕರೂ ಹಾಕಲು ಹೊಸ ಸಿನಿಮಾ ಇರಲಿಲ್ಲ. 2021ರ ಏಪ್ರಿಲ್‌ನಲ್ಲಿ ಮತ್ತೆ ಬಂದ್. ಶೋ ಇಲ್ಲದಿದ್ದರೂ ಕರೆಂಟಿನ ನಿಗದಿತ ಶುಲ್ಕ, ಆಸ್ತಿ ತೆರಿಗೆ, ಕಂತು ನಿಲ್ಲುವುದಿಲ್ಲವಲ್ಲ. ಅಣ್ಣ ತಮ್ಮ ಭಾಗ ಮಾಡಿಕೊಂಡರು. ಜಾಗ ಮಾರಿದರು. ಬಂದ ಹಣದಲ್ಲಿ ಸಾಲ ತೀರಿ ಇಬ್ಬರಿಗೂ ಒಳ್ಳೆಯ ಮೊತ್ತವೇ ಉಳಿಯಿತು, ಅದನ್ನೂ ಹೇಳಬೇಕು. ಮನೆಯವರ ಲೆಕ್ಕದಲ್ಲಿ ಇದು ಸೋಲು ಅಲ್ಲವೇ ಅಲ್ಲ. 100 ರೂಪಾಯಿವರೆಗಿನ ಟಿಕೆಟ್ಟಿನ ತೆರಿಗೆ 2025ರ ಸೆಪ್ಟೆಂಬರ್‌ನಲ್ಲಿ ಶೇ 5ಕ್ಕೆ ಇಳಿದಾಗ ಅಲ್ಲಿ ಟಾಕೀಸಿನ ಇಟ್ಟಿಗೆಯೂ ಇರಲಿಲ್ಲ.

ಲೆಕ್ಕ ತಪ್ಪಿದ್ದು ಬೀದಿಯದು. ಸೆಕೆಂಡ್ ಶೋ ಬಿಡುವುದು ಹನ್ನೆರಡೂಕಾಲಿಗೆ. ಅಲ್ಲಿಯವರೆಗೆ ಬೀಡಾ ಅಂಗಡಿ, ಮಂಡಕ್ಕಿ ಮೆಣಸಿನಕಾಯಿ ಗಾಡಿ, ಆಟೋ ಸ್ಟ್ಯಾಂಡ್, ಹೋಟೆಲು ಎಲ್ಲ ತೆರೆದಿರುತ್ತಿತ್ತು. ಈಗ ಹೋಟೆಲು ಎಂಟಕ್ಕೇ ಮುಚ್ಚುತ್ತದೆ. ಬಟ್ಟೆ ಅಂಗಡಿಗೆ ರಾತ್ರಿ ಒಂಬತ್ತರವರೆಗೆ ವ್ಯಾಪಾರ, ಅಲ್ಲಿ ಕೆಲಸ ಮಾಡುವ ಹುಡುಗಿಯರು ಮನೆಗೆ ಹೋಗಲು ಹೊರಬಿದ್ದಾಗ ಬೀದಿಯಲ್ಲಿ ಒಂದು ಆಟೋ ಸಿಗುವುದಿಲ್ಲ. ಮೂರು ನಾಲ್ಕು ಜನ ಸೇರಿಕೊಂಡು ಮುಖ್ಯ ರಸ್ತೆಯವರೆಗೆ ನಡೆಯುತ್ತಾರೆ. 'ಎಂಥೆಂಥವರೋ ಬರ್ತಾರೆ' ಎಂದಿದ್ದ ಅಂಗಡಿಯವರೇ ಈಗ ಪೇಟೆಗೆ ಯಾರೂ ಬರುತ್ತಿಲ್ಲ ಎನ್ನುತ್ತಾರೆ. ಬಸ್ಸುಗಳನ್ನು ಮತ್ತೆ ಪೇಟೆಯೊಳಗೆ ತನ್ನಿ ಎಂದು ಹೊಸ ಅರ್ಜಿಯೂ ಹೋಗಿದೆ.

ಬೇರೆಯವರು ಇದರಿಂದ ಏನು ತೆಗೆದುಕೊಳ್ಳಬಹುದು

ಎಲ್ಲ ಟಾಕೀಸಿಗೂ ಇದೇ ಕಾರಣ ಎಂದು ನಾನು ಹೇಳುತ್ತಿಲ್ಲ. ಮೆಜೆಸ್ಟಿಕ್ ನೋಡಿ. ಅಲ್ಲಿ ಬಸ್ಸೂ ಇದೆ, ರೈಲೂ ಇದೆ, ಜೊತೆಗೆ ಮೆಟ್ರೋ ಕೂಡ ಬಂತು. ಜನಕ್ಕೇನೂ ಕೊರತೆ ಇಲ್ಲ. ಆದರೂ ಕಪಾಲಿಯಂಥ ದೊಡ್ಡ ಚಿತ್ರಮಂದಿರ ನೆಲಸಮವಾಯಿತು. ಅಲ್ಲಿ ಕೊಂದದ್ದು ನೆಲದ ಬೆಲೆ. ಸಿನಿಮಾದಿಂದ ಬರುವ ದುಡ್ಡಿಗಿಂತ ಕಟ್ಟಡ ನಿಂತ ಜಾಗವೇ ಜಾಸ್ತಿ ಬಾಳುವಾಗ ಯಾವ ಮಾಲೀಕರಾದರೂ ಎಷ್ಟು ದಿನ ತಡೆದಾರು? ನಮ್ಮ ಪ್ರಕರಣದಲ್ಲಿ ನೆಲದ ಬೆಲೆ ಕೊನೆಯ ಅಂಕದಲ್ಲಿ ಬಂತು. ಮೊದಲ ಅಂಕದಲ್ಲಿ ಹೋದದ್ದು ಜನ. ಇವೆರಡನ್ನೂ 'ಸಿಂಗಲ್ ಸ್ಕ್ರೀನ್ ಕಾಲ ಮುಗೀತು' ಎಂಬ ಒಂದೇ ಮಾತಿನಲ್ಲಿ ಸೇರಿಸಿಬಿಟ್ಟರೆ ಮದ್ದು ತಪ್ಪುತ್ತದೆ.

ತಿರುವುಗಳು ಎಲ್ಲಿದ್ದವು ಎಂದು ಕೇಳಿದರೆ ನನ್ನ ಲೆಕ್ಕ ಹೀಗೆ. ಬಸ್ ಸ್ಟ್ಯಾಂಡ್ ಹೋಗುವುದನ್ನು ಒಬ್ಬ ಮಾಲೀಕ ತಡೆಯಲು ಆಗುತ್ತಿರಲಿಲ್ಲ. ಆದರೆ ಪೇಟೆಯ ಮೂಲಕ ಹೋಗುವ ಸಿಟಿ ಬಸ್ಸು, ರಾತ್ರಿ ಹತ್ತರವರೆಗೆ, ಆ ಅರ್ಜಿಯಲ್ಲೇ ಕೇಳಬಹುದಿತ್ತು. ಆಗ ವರ್ತಕರ ಮಾತಿಗೆ ಬೆಲೆ ಇತ್ತು, ಯಾರಿಗೂ ಹೊಳೆಯಲಿಲ್ಲ. ಎರಡನೆಯದು ಸಾಲ. ಇಡೀ ಹಾಲಿಗೆ ಎಸಿ ಹಾಕುವ ಬದಲು ಬಾಲ್ಕನಿಯನ್ನು ಮಾತ್ರ ಬೇರೆ ಸಣ್ಣ ಪರದೆಯಾಗಿ ಮಾಡಿ, ಕೆಳಗೆ ಫ್ಯಾನು, ಕಡಿಮೆ ದರ ಉಳಿಸಿಕೊಳ್ಳುವ ಒಂದು ನಕ್ಷೆಯನ್ನು ಎಂಜಿನಿಯರ್ ಕೊಟ್ಟಿದ್ದರು. ಅದು ನಡೆಯುತ್ತಿತ್ತೋ ಇಲ್ಲವೋ, ಪರೀಕ್ಷಿಸಲು ಸಾಲದ ಕಾಲು ಭಾಗ ಸಾಕಾಗುತ್ತಿತ್ತು. ಮೂರನೆಯದು ಆ ಭಾನುವಾರದ ಆಟ. ಅದನ್ನು ನಿಲ್ಲಿಸಲು ಯಾವ ಒತ್ತಡವೂ ಇರಲಿಲ್ಲ, ಮುಜುಗರ ಒಂದನ್ನು ಬಿಟ್ಟು.

ಈಗ ಇನ್ನೊಂದು ತಾಲ್ಲೂಕು ಕೇಂದ್ರದಲ್ಲಿ ಬಸ್ ಸ್ಟ್ಯಾಂಡನ್ನು ಹೊರಗೆ ಸಾಗಿಸುವ ಮಾತು ನಡೆದಿದೆ. ಅಲ್ಲಿನ ಟಾಕೀಸಿನ ಮಾಲೀಕರು ಫೋನ್ ಮಾಡಿ ರಿಕ್ಲೈನರ್ ಸೀಟು ಹಾಕಿಸಲೇ, ಲೇಸರ್ ಪ್ರೊಜೆಕ್ಟರ್ ತರಲೇ ಎಂದು ಕೇಳಿದರು. ವಾರದ ದಿನ ಮ್ಯಾಟ್ನಿಗೆ ಯಾರು ಬರುತ್ತಾರೆ, ಬಂದವರು ಆಟ ಮುಗಿದ ಮೇಲೆ ಯಾವ ಕಡೆ ನಡೆಯುತ್ತಾರೆ ಎಂದು ಕೇಳಿದೆ. ಆನ್‌ಲೈನ್ ಬುಕಿಂಗ್ ಲೆಕ್ಕ ಮೊಬೈಲಿನಲ್ಲೇ ಇದೆ ಎಂದರು. ಕೌಂಟರಿನಲ್ಲಿ ಟಿಕೆಟ್ ಕೊಳ್ಳುವವರ ಲೆಕ್ಕ ಶೋ ಪ್ರಕಾರ ಬೇರೆ ಬರೆದಿಟ್ಟಿಲ್ಲವಂತೆ. ಸೀಟಿನ ವಿಷಯ ಆಮೇಲೆ ನೋಡೋಣ, ಈ ಶುಕ್ರವಾರದಿಂದ ಅದನ್ನು ಬರೆಸಿ, ಗೇಟಿನಲ್ಲಿ ನಿಲ್ಲುವವರನ್ನೂ ಕೂರಿಸಿಕೊಂಡು ಮಾತಾಡಿ ಎಂದೆ. ಬರೆಸುತ್ತೇನೆ ಎಂದಿದ್ದಾರೆ.